ಎಸ್‌ಟಿ ಹತ್ತಿದ ಕುರಿಯ ಹಾಡು

ಸಾನ್ವಿ, ಓಂಕಾರ, ನಿಮ್ಮ ಅಜ್ಜನ ತಮ್ಮನ ಎಡಗೈ ಬೆರಳ ತುದಿಗಳು ಗಿಟಾರಿನ ತಂತಿ ಒತ್ತಿ ಒತ್ತಿ ಒಣಜೋಳದ ಕಾಳಿನಂತೆ ಗಟ್ಟಿಯಾಗಿದ್ದವು. ಹಂಚಿನ ಮೇಲಿನ ಸುಡು ರೊಟ್ಟಿಯನ್ನು ಆ ಬೆರಳುಗಳಿಂದಲೇ ಎತ್ತಿಕೊಳ್ಳುತ್ತಿದ್ದ. ಈ ನನ್ನ ಮೈದುನ ಅಕ್ಕಲಕೋಟದಲ್ಲಿ ನಮ್ಮ ಜೊತೆಗೇ ಇದ್ದ. ಸೊಲ್ಲಾಪುರದ ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ.

ಅವನು ಸದಾ ಹೇಳುತ್ತಿದ್ದ ಆ ರಾಕ್ ಸಂಗೀತ ಅಂದರೇನು ಎಂದು ಒಮ್ಮೆ ಬಾಗಿಲ ಮರೆಯಿಂದ ಕೇಳಿದ್ದೆ.

"ಸಿಟ್ಟು ಬಂದಾಗ ನೀವು ಪಾತ್ರಿ ಭಾಂಡೆ ಕುಕ್ಕತೀರಲ್ಲ ವೈನಿ, ಅದನ್ನ ತಾಳಕ್ಕ ಕುಕ್ಕಿದರ ರಾಕ್."

ಎಸ್‌ಟಿ ಬಸ್ಸು ಹತ್ತಿದ ಕುರಿಯ ಮೇಲೆ ಅವನೇ ಕಟ್ಟಿದ ಹಾಡೊಂದಿತ್ತು. ಹಾಡುವುದಕ್ಕಿಂತ ಒದರುವುದೇ ಹೆಚ್ಚು.

"ಕುರಿ ಎಸ್‌ಟಿ ಹತ್ತೇತಿ, ಕಿಡಕಿ ಸೀಟ ಹಿಡದೇತಿ, ಕಂಡಕ್ಟರ್ ಟಿಕೀಟ ಕೇಳಿದರ..."

ಅಲ್ಲಿ ಗಿಟಾರು ಥಟ್ಟನೆ ನಿಲ್ಲುತ್ತಿತ್ತು. ಕೇಳುವವರು "ಬ್ಯಾ" ಎಂದು ಕೂಗಬೇಕು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನನ್ನ ಮಗಳು, ನಿಮ್ಮ ಅವ್ವ.

ಅವಳಿಗೆ ಆರು ವರ್ಷವಿದ್ದಾಗ ನಿಮ್ಮ ಅಜ್ಜ, "ಸಂಜಿ ಎಸ್‌ಟಿಗೆ ಬರತೀನಿ" ಎಂದು ಸೊಲ್ಲಾಪುರದ ದವಾಖಾನೆಗೆ ಹೋದವರು ಹೆಣವಾಗಿ ಬಂದರು. ಅಂದಿನಿಂದ ಹುಡುಗಿ ಮಾತು ಬಿಟ್ಟಳು. ಗಂಟಲಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿದೆವು. ಊಟವೂ ಕಡಿಮೆಯಾಯಿತು. ಇವಳೂ ನನ್ನ ಕೈಬಿಡುತ್ತಾಳೆ ಎಂದು ಹಗಲೆಲ್ಲ ಅವಳ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ.

ಸತ್ತ ಮನೆಯಲ್ಲಿ ವರ್ಷ ತುಂಬುವ ತನಕ ಹಾಡು ಕೂಡದು. ಆದರೂ ಮೈದುನ ಗಿಟಾರು ಕೈಗೆತ್ತಿಕೊಂಡ.

"ಅಣ್ಣನ ಬೂದಿ ಆರಿಲ್ಲ, ಹಾಡತೀಯೇನೋ ಹಾಟ್ಯಾ?" ಎಂದರು ಅತ್ತೆ.

"ಬೈ ಅವ್ವಾ, ಇನ್ನೂ ಜೋರ ಬೈ. ಅದೂ ತಾಳಕ್ಕ ಕೂಡತೈತಿ."

ದಿನಾ ಸಂಜೆ ಹಾಡಿದ. ದಿನಾ ಅದೇ ಜಾಗದಲ್ಲಿ ನಿಲ್ಲಿಸಿ ಕಾಯ್ದ. ಹುಡುಗಿ ಗೋಡೆ ನೋಡುತ್ತಿದ್ದಳು. ಕಿವಿ ಮುಚ್ಚಿಕೊಂಡು ನಾನು ಒಲೆಯ ಮುಂದೆ ಅಳುತ್ತಿದ್ದೆ. ಒಂದು ಸಂಜೆ "ಕಿಡಕಿ ಸೀಟ" ಎನ್ನುವಷ್ಟರಲ್ಲಿ ಅವನ ದನಿಯೇ ಒಡೆಯಿತು. ಗಿಟಾರಿನ ಮೇಲೆ ಮುಖವಿಟ್ಟು ಬಿಕ್ಕಿದ.

"ಕಾಕಾ, ಕುರಿ ಎಲ್ಲಿ ಇಳೀತು?" ಎಂದಳು ಹುಡುಗಿ.

ಅವನು ತಲೆ ಎತ್ತಲಿಲ್ಲ. "ಇನ್ನ ಇಳದಿಲ್ಲವ್ವ. ಎಲ್ಲಿ ಇಳಸೂಣು, ನೀನ ಹೇಳು."

"ಮನಿಗೆ ಬರಲಿ."

ಅತ್ತೆ ಮೊಮ್ಮಗಳನ್ನು ಎದೆಗೆ ಅವುಚಿಕೊಂಡರು. ಆದರೆ ಓಣಿಯ ಬಾಯಿ ಮುಚ್ಚಲಿಲ್ಲ. ಅಣ್ಣ ಸತ್ತ ವರ್ಷದಲ್ಲೇ ಹಾಡಿದವನ ಕೈಯಿಂದ ಶುಭಕಾರ್ಯದಲ್ಲಿ ಬಾರಿಸುವುದು ಬೇಡವೆಂದು ಮದುವೆಗಳಿಗೆ ಕರೆಯುವುದನ್ನೇ ಬಿಟ್ಟರು. ಅವನು ಚಾದರದ ಮಗ್ಗಕ್ಕೆ ಸೇರಿದ. ಅದರ ಧೂಳೇ ಎದೆಗಿಳಿದು ಕೆಮ್ಮಿ ಕೆಮ್ಮಿ ಹೋದ. ಮದುವೆಗಳ ಕರೆ ನಿಂತದ್ದಕ್ಕೆ ಬೇಸರವಾಯಿತೇ ಎಂದು ಹಿಂದೊಮ್ಮೆ ನಾನು ಕೇಳಿದಾಗ, "ಹುಡುಗಿ ಬಡಬಡ ಮಾತಾಡಿ ತಲಿ ತಿಂತಾಳ, ಅದ ಬ್ಯಾಸರ" ಎಂದಿದ್ದ.

ಅವನ ಹಾಡು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ನಿಮ್ಮ ಅವ್ವ ಹಾಡಲು ಹೋದರೆ ಅರ್ಧಕ್ಕೇ ಅಳುತ್ತಾಳೆ. ನನಗೋ ನಾಚಿಕೆ, ಬರೆಯಲಷ್ಟೇ ಬರುತ್ತದೆ. ಈ ಹಾಳೆಗಳನ್ನು ನೀರು ತಾಗದ ಕಡೆ ಇಡಿ, ಮಕ್ಕಳೇ.