ತುರ್ಕರ ಉಪ್ಪು, ನಮ್ಮ ಚಹಾ

ಆಟೋಮನ್ ತುರ್ಕರ ಚರಿತ್ರೆ ಓದಿ ಯಾವ ಹೆಣ್ಣು ಉದ್ಧಾರ ಆಗಿದ್ದಾಳೆ ಎಂದು ಅವ್ವ ಆಗಾಗ ಕೇಳುತ್ತಿದ್ದಳು. ನಾನು ಆಗಿದ್ದೇನೆ. ಹೇಗೆ ಎಂದು ಕೇಳಿದರೆ ಇವತ್ತಿಗೂ ನಾಚಿಕೆ ಬರುತ್ತದೆ, ಆದರೂ ಹೇಳುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೇಶಪಾಂಡೆ ನಗರದ ನಮ್ಮ ಮನೆಯಿಂದ ದಿನಾ ರೈಲು ಹಿಡಿದು ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಒಂದು ವರ್ಷ ಮುಗಿದು ಇನ್ನೊಂದು ಉಳಿದಿತ್ತು. ಅಷ್ಟರಲ್ಲಿ ಅರಳೆ ವ್ಯಾಪಾರಿಯಾದ ಅಪ್ಪ ಒಂದು ಸಂಬಂಧ ಹಿಡಿದು ತಂದ. "ವರಾ ಛಲೋ ಅದಾನ. ಓದಿದ್ದು ಸಾಕು," ಎಂದ. ಅಪ್ಪನೆದುರು ಬಾಯಿ ತೆಗೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಆ ಒಂದು ವರ್ಷ ಬೇಕಿತ್ತು, ಅಷ್ಟೇ.

ನಮ್ಮ ಪ್ರೊಫೆಸರರು ಸುಲ್ತಾನರ ಯುದ್ಧಗಳನ್ನು ಲಗುಬಗೆಯಿಂದ ಮುಗಿಸಿ ಜನರ ಮನೆಯೊಳಕ್ಕೆ ನುಗ್ಗುವವರು. ತುರ್ಕರಲ್ಲಿ ಗಂಡಿನ ತಾಯಂದಿರು ಹಮಾಮಿಗೆ, ಅಂದರೆ ಹೆಂಗಸರೆಲ್ಲ ಕೂಡಿ ಮೀಯುವ ಬಿಸಿನೀರಿನ ಮನೆಗೆ ಹೋಗಿ, ಅಲ್ಲೇ ಕನ್ಯೆಯರನ್ನು ಆರಿಸುತ್ತಿದ್ದರಂತೆ. ಅಯ್ಯೋ ಶಿವನೇ! ನಮ್ಮಲ್ಲಿ ಬರೀ ಹಾಡು ಹೇಳಿಸಿ ನಡೆಸಿ ನೋಡುತ್ತಾರಲ್ಲ ಎಂದು ಸಮಾಧಾನಪಟ್ಟೆ. ಇನ್ನೊಂದು ಪದ್ಧತಿ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ನೋಡಲು ಬಂದ ಗಂಡಿನ ಕಾಫಿಗೆ ಹುಡುಗಿ ಉಪ್ಪು ಹಾಕುವುದು. ಮುಖ ಕಿವುಚದೆ ಕುಡಿದರೆ ತಾಳ್ಮೆಯುಳ್ಳವ ಎಂದು ಲೆಕ್ಕ.

ಅವರದು ಕಾಫಿ, ನಮ್ಮದು ಚಹಾ. ಉಪ್ಪು ಎಲ್ಲಾ ಕಡೆಯೂ ಉಪ್ಪೇ. ಮುಖ ಕಿವುಚಿದರೆ ಈ ವರ ಬೇಡ ಎಂದು ಅವ್ವನ ಮುಂದೆ ಅಳುವುದು. ಕುಡಿದರೆ ಮದುವೆಗೆ ಒಂದು ವರ್ಷ ತಡೆಯಲು ಅವನನ್ನೇ ಕೇಳುವುದು. ಉಪ್ಪಿನ ಚಹಾ ತಾಳಿಕೊಂಡವ ಒಂದು ವರ್ಷ ತಾಳಿಕೊಳ್ಳಲಾರನೇ?

ಅವರು ಮೂವರು ಬಂದರು. ವರ, ಅವನ ಅಪ್ಪ, ಅವನ ಕಾಕಾ. ನಮ್ಮಪ್ಪನೂ ಸೇರಿ ನಾಲ್ಕು ಕಪ್ಪು ಚಹಾ. ಮೂರು ಕೆಂಪು ಹೂವಿನವು, ಒಂದು ನೀಲಿ ಹೂವಿನದು. ನೀಲಿಯದಕ್ಕೆ ಎರಡು ಚಮಚ ಉಪ್ಪು ಸುರಿದು ಚೆನ್ನಾಗಿ ಕಲಸಿದೆ. ನೀಲಿ ಕಪ್ಪು ವರನ ಕೈಗೆ ಹತ್ತಿರವಾಗುವಂತೆ ತಟ್ಟೆ ಹಿಡಿದಾಗ ಅದನ್ನೇ ಎತ್ತಿಕೊಂಡ. ಗೆದ್ದೆ ಎಂದುಕೊಂಡೆ.

ಆದರೆ ತುರ್ಕರಿಗೆ ಗೊತ್ತಿರದ ಒಂದು ಸಂಗತಿ ನಮ್ಮ ಕಡೆ ಇದೆ. ಕೈಗೆ ಬಂದ ಮೊದಲ ಕಪ್ಪನ್ನು ನಮ್ಮವರು ಯಾರೂ ಕುಡಿಯುವುದಿಲ್ಲ.

"ಕಾಕಾ, ನೀವು ತಗೋರಿ," ಎಂದ ವರ.

"ಅಣ್ಣಾ ಇರೂಮುಂದ ನಾ ಹ್ಯಾಂಗ ತಗೊಳ್ಳಿ? ಅಣ್ಣಾ, ಹಿಡೀರಿ," ಎಂದ ಕಾಕಾ.

"ಮನಿ ಯಜಮಾನ್ರ ಮೊದಲ ಆಗ್ಲಿ," ಎಂದು ವರನ ಅಪ್ಪ ನಮ್ಮಪ್ಪನ ಕಡೆ ಚಾಚಿದರು.

"ಛೇ ಛೇ, ಬೀಗರು ನೀವು."

"ಇನ್ನೂ ಎಲ್ಲಿ ಆಗೇವ್ರೀ? ಆಗೋದಿದ್ರ ಕುಡೀರಿ!"

ಎಲ್ಲರೂ ನಕ್ಕರು. ಅಪ್ಪ ಕಪ್ಪು ಕೈಗೆ ತೆಗೆದುಕೊಂಡ. "ಅಪ್ಪಾ, ಅದು ಆರೇತಿ, ಬ್ಯಾರೆ ತರ್ತೇನಿ," ಎಂದೆ. "ನಡೀತೈತಿ ಬಿಡವಾ," ಎಂದು ಅಪ್ಪ ಚಹಾವನ್ನು ಕಪ್ಪಿನಡಿಯ ಬಸಿಗೆ ಸುರಿದೇಬಿಟ್ಟ.

ನಮ್ಮಪ್ಪ ಎಂಥವನೆಂದರೆ, ಚಿಟಿಕೆ ಸಕ್ಕರೆ ಕಡಿಮೆಯಾದರೂ "ಇದೇನ ಚಹಾನೋ, ಕಲಗಚ್ಚೋ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುವವ. ಈಗ ಮೊದಲ ಗುಟುಕು ಕುಡಿದ. ಬಸಿಯ ಮೇಲಿಂದ ನನ್ನನ್ನು ನೋಡಿದ. ನಾನು ಬಾಗಿಲ ಮರೆಯಲ್ಲಿ ಕೈ ಮುಗಿದೆ.

"ಹ್ಯಾಂಗೈತ್ರಿ ಚಹಾ?" ಎಂದ ಕಾಕಾ.

"ನಮ್ಮ ಮಗಳ ಕೈದು ರೀ. ಅಮೃತ!" ಎಂದು ಅಪ್ಪ ಎರಡನೆಯ ಬಸಿ ಸುರಿದುಕೊಂಡ. ತಳದ ಹನಿಯವರೆಗೂ ಕುಡಿದ. ಹುಬ್ಬು ಸಹ ಅಲುಗಲಿಲ್ಲ.

ಬಂದವರು ಹೋದ ಮೇಲೆ ಒಂದು ತಂಬಿಗೆ ನೀರು ಗಟಗಟ ಕುಡಿದು ನನ್ನನ್ನು ಕರೆದ. "ಕೈ ತಪ್ಪಿ ಬಿತ್ತೋ, ಬೇಕಂತ ಹಾಕಿದ್ಯೋ?"

ತುರ್ಕರಿಂದ ಹಿಡಿದು ಎಲ್ಲ ಹೇಳಿದೆ. ಅವ್ವ ಹಣೆ ಬಡಿದುಕೊಂಡಳು. "ನಿನ್ನ ತುರ್ಕರ ಮನಿ ಹಾಳಾಗ್ಲಿ! ಉಪ್ಪು ಹಾಕಿದಾಕಿ ನೀ, ನೀರು ಕುಡಿಯೋ ಗತಿ ಇವರಿಗೆ!"

ಅಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಒಂದು ವರ್ಷ ಯಾರೋ ಅಂವನ್ನ ಕೇಳಾಕ ಹೊಂಟಿದ್ದಿ. ನನ್ನ ಯಾಕ ಕೇಳಲಿಲ್ಲ?"

"ನಿನಗ ಹೆದರತೇನಿ ಅಪ್ಪಾ," ಎಂದೆ. ಹೇಳುತ್ತಲೇ ಅಳು ಬಂತು.

ಅಪ್ಪ ಖಾಲಿ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಉಪ್ಪಿನ ಚಹಾ ಕುಡದಾವ ನಾನು. ಈಗ ಕೇಳು," ಎಂದ.

ಕೇಳಿದೆ. ಹೂಂ ಎಂದ. ಒಂದು ವರ್ಷ ತಡೆಯಿರಿ ಎಂದು ಅವರಿಗೆ ಅಪ್ಪನೇ ಕಾಗದ ಬರೆದ. ಅವರು ತಡೆಯಲಿಲ್ಲ, ಸಂಬಂಧ ಮುರಿಯಿತು. ಅಪ್ಪ ಅದರ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ.

ಆ ಕಾಗದ ಬರೆದ ಮುಂಜಾನೆ, ರೈಲಿಗೆ ಹೊರಡುವ ಮುಂಚೆ ನಾನೇ ಅಪ್ಪನಿಗೆ ಚಹಾ ಮಾಡಿಕೊಟ್ಟಿದ್ದೆ. ಒಂದು ಗುಟುಕು ಕುಡಿದು ಮುಖವನ್ನೆಲ್ಲ ಕಿವುಚಿದ. "ಸಕ್ಕರಿ ಎಲ್ಲೈತಿ? ಇದೇನ ಚಹಾನೋ, ಕಲಗಚ್ಚೋ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ನಾನು ಡಬ್ಬಿ ತರಲು ಒಳಗೆ ಓಡಿದರೆ ಹಿಂದಿನಿಂದ ಮತ್ತೆ ಕೂಗು: "ಅದನ್ನ ನಿಮ್ಮವ್ವ ಹಾಕ್ತಾಳ, ನೀ ಲಗೂ ನಡಿ, ರೈಲು ತಪ್ಪತೈತಿ!"