ಕತ್ತೆ ಕೂಗುವ ಕಂಪ್ಯೂಟರಿನ ಬಾಯಾರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಏಕಸಂಬಿ ಹತ್ತಿರದ ತೋಟದ ಶಾಲೆಯ ಬೀಗ ತೆಗೆದು ಪ್ರಾಜಕ್ತಾ ಕಂಪ್ಯೂಟರುಗಳ ಮೇಲಿನ ಹಳೆ ಸೀರೆ ಸರಿಸುತ್ತಾರೆ. ಕರೆಂಟು ಇರುವುದು ಎಂಟರವರೆಗೆ ಮಾತ್ರ. ಹಾಗಾಗಿ ಮುಖ ತೊಳೆದವರು, ತೊಳೆಯದವರು ಎಲ್ಲ ಮಕ್ಕಳೂ ಇಷ್ಟೊತ್ತಿಗೇ ಹಾಜರು. "ಬಾಯಾರ, ಇವತ್ತರ ಕತ್ತೆ ಹಚ್ತೀರೇನ್ರಿ?" ಎಂದು ಒಬ್ಬಳು ಕೇಳುತ್ತಾಳೆ. ಬಾಯಾರು ತಲೆಯಾಡಿಸಿ ಇಲ್ಲವೆನ್ನುತ್ತಾರೆ. ಕಂಪ್ಯೂಟರಿನ ಕತ್ತೆ ಕೂಗದೆ ಹದಿನೈದು ದಿನವಾಯಿತು.

ಊರವರ ಬಾಯಲ್ಲಿ 'ಬಾಯಾರು' ಆಗಿರುವ ಪ್ರಾಜಕ್ತಾ ಇಲ್ಲಿ ಗುತ್ತಿಗೆಯ ಕಂಪ್ಯೂಟರ್ ಶಿಕ್ಷಕಿ. ೨೦೦೬ರಲ್ಲಿ ಸೇರಿದವರು, ಐದು ವರ್ಷವಾದರೂ ಕಾಯಂ ಆಗಿಲ್ಲ. ಬಂದ ಐದು ಯಂತ್ರಗಳಲ್ಲಿ ಎರಡು ಕೆಟ್ಟು ಮೂಲೆ ಸೇರಿವೆ. ಉಳಿದ ಮೂರಕ್ಕೆ ಮೂವತ್ತನಾಲ್ಕು ಮಕ್ಕಳು, ತಲಾ ಹತ್ತು ನಿಮಿಷ. ಪರದೆ ಒಂದು ಲೆಕ್ಕ ಕೇಳಿ ನಾಲ್ಕು ಉತ್ತರ ತೋರಿಸುತ್ತದೆ. ಸರಿಯಾದದ್ದು ಒತ್ತಿದರೆ ಚಪ್ಪಾಳೆ, ತಪ್ಪಿದರೆ ಕತ್ತೆಯ ಅರಚಾಟ. ಶಾಬಾಸ್‌ಗಿರಿಗೆ ಮಗು ಕಲಿಯುತ್ತದೆ, ಅವಮಾನಕ್ಕೆ ತಿದ್ದಿಕೊಳ್ಳುತ್ತದೆ ಎಂಬುದು ಇದನ್ನು ಮಾಡಿದವರ ಎಣಿಕೆ. ಆ ಪುಣ್ಯಾತ್ಮರು ಮಕ್ಕಳನ್ನು ನೋಡಿರಲಿಕ್ಕಿಲ್ಲ. ಇಲ್ಲಿ ಚಪ್ಪಾಳೆ ಯಾರಿಗೂ ಬೇಡ, ಎಲ್ಲರಿಗೂ ಕತ್ತೆಯೇ ಬೇಕು.

ಕುರಿ ಸಾಕುವ ಲಗಮವ್ವನ ಎಂಟು ವರ್ಷದ ಮಗಳು ಶೀತಲ್ ಎರಡು ವರ್ಷ ಶಾಲೆಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಕತ್ತೆ ಮೊದಲ ಸಲ ಕೂಗಿದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು, ಪಕ್ಕದವಳನ್ನು ಮಾತಾಡಿಸಿದಳು. ಅಂದಿನಿಂದ ದಿನಕ್ಕೆ ಇಪ್ಪತ್ತು ಲೆಕ್ಕ, ಇಪ್ಪತ್ತೂ ತಪ್ಪು.

"ಕಣ್ಣ ಮುಚ್ಚಿ ಒತ್ತಿದ್ರೂ ನಾಕೈದು ಬರೋಬ್ಬರಿ ಬರಬೇಕ್ರಿ," ಎನ್ನುತ್ತಾರೆ ಪ್ರಾಜಕ್ತಾ. "ಒಂದೂ ಬರೂದಿಲ್ಲ ಅಂದ್ರ, ಅಕಿಗೆ ಎಲ್ಲಾ ಗೊತ್ತೈತಿ. ಗೊತ್ತಿದ್ದಾಕಿಗಷ್ಟ ಹಂಗ ಎಲ್ಲಾ ತಪ್ಪ ಒತ್ತಾಕ ಆಗತೈತಿ."

ಕಂಪ್ಯೂಟರಿಗೆ ಇದು ತಿಳಿಯದು. ಅದು ಸೊನ್ನೆ ಬರೆದುಕೊಂಡಿತು. ಅಂಕದ ಹಾಳೆ ಶಿಕ್ಷಣ ಇಲಾಖೆಯ ಕಚೇರಿಗೆ ಹೋಯಿತು. ಧ್ವನಿ ಬಂದ್ ಮಾಡಿ, ಅಂಕಪಟ್ಟಿ ಗೋಡೆಗೆ ಹಚ್ಚಿ ಎಂಬ ಆದೇಶ ಬಂತು. ಪ್ರಾಜಕ್ತಾ ಸ್ಪೀಕರಿನ ವೈರು ಕಿತ್ತರು. ಶೀತಲ್ ಮೂರು ಸಲ ಒತ್ತಿ ನೋಡಿದಳು, ಆಮೇಲೆ ಕೈ ಮಡಿಚಿ ಕೂತಳು. ಮಾತೂ ಮತ್ತೆ ನಿಂತಿತು.

ಗೋಡೆಯ ಪಟ್ಟಿಯನ್ನು ಯಾರೋ ಲಗಮವ್ವನಿಗೆ ಓದಿ ಹೇಳಿದ್ದಾರೆ. ಸೋಮವಾರದಿಂದ ಹುಡುಗಿ ಕುರಿಯ ಹಿಂದೆ ಹೋಗುವುದೆಂದು ತೀರ್ಮಾನವಾಗಿದೆ. ಪ್ರಾಜಕ್ತಾ ಮನೆತನಕ ಹೋಗಿ ಪರಿಪರಿಯಾಗಿ ಹೇಳಿದರು.

"ಎಲ್ಲಾ ಬರತಿದ್ರ ತಪ್ಪ ಯಾಕ ಒತ್ತತಾಳ್ರಿ?" ಎಂದಳು ಲಗಮವ್ವ. "ಹಾಳ್ಯಾಗ ಬರದದ್ದು ಸುಳ್ಳಾಕ್ಕೈತೇನ್ರಿ? ಕುರಿ ಎಣಸಾಕ ಬಂದ್ರ ಸಾಕ ಬಿಡ್ರಿ ಬಾಯಾರ."

ಆ ತಾಯಿಯ ಮೇಲೆ ಸಿಟ್ಟು ಮಾಡಲೂ ಮನಸ್ಸು ಬರುವುದಿಲ್ಲ, ಸಂಕಟವಾಗುತ್ತದೆ ಅಷ್ಟೆ. ಪಟ್ಟಿಯಲ್ಲಿ ಶೀತಲ್ ಬಗ್ಗೆ ಒಂದು ಸಾಲು ಸೇರಿಸಿ ಎಂದು ಪ್ರಾಜಕ್ತಾ ಕಚೇರಿಗೆ ಎರಡು ಸಲ ಹೋಗಿ ಬಂದಿದ್ದಾರೆ. ಅದಕ್ಕೆ ಕಾಲಂ ಇಲ್ಲವಂತೆ.

"ಸೊನ್ನಿ ಮಗ್ಗಲಕ ನಾನ ಪೆನ್ನಿಲೆ ಬರದೀನ್ರಿ, ಈ ಹುಡುಗಿಗೆ ಎಲ್ಲಾ ಬರತೈತಿ ಅಂತ," ಎಂದು ಅವರು ಗೋಡೆ ತೋರಿಸುತ್ತಾರೆ. "ಅದಕ್ಕ ನನ್ನ ಕೆಲಸ ಹೋದ್ರ ಹೋಗ್ಲಿ. ಸೋಮವಾರದೊಳಗ ಯಾರರ ಅಕೀ ಅವ್ವಗ ಅದನ್ನ ಓದಿ ಹೇಳಿದ್ರ ಸಾಕ್ರಿ. ನಾ ಹೇಳಿದ್ರ ನಂಬೂದಿಲ್ಲ."