ಕಡಿದರೂ ನಿಲ್ಲದ ಮಾತು

ಯಾದಗಿರಿ ಕಡೆಯ ಗದಿಗೆಮ್ಮ ಹೈದರಾಬಾದಿಗೆ ಬಂದಾಗಿನಿಂದ ನೆಲ ಅಗೆದೇ ಬದುಕಿದವಳು. ಪಟಾನ್‌ಚೆರುವಿನ ಕಾರ್ಖಾನೆಗಳ ಪಾಯ, ಸಿಕಂದರಾಬಾದಿನ ಚರಂಡಿ, ಈಗ ಗಚ್ಚಿಬೌಲಿಯ ರಸ್ತೆ ಬದಿ. ನೆಲದೊಳಗಿನದನ್ನು ಕಡಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನೀರಿನ ಪೈಪಾದರೆ ಕಾರಂಜಿ, ಕರೆಂಟಿನ ಕೇಬಲ್ಲಾದರೆ ಓಣಿಯೆಲ್ಲ ಕತ್ತಲೆ.

ಆ ಮಧ್ಯಾಹ್ನ ಅವಳ ಗುದ್ದಲಿ ಕಿತ್ತಳೆ ಬಣ್ಣದ ಪೈಪಿಗೆ ಬಿತ್ತು. ಒಳಗಿನ ಕೇಬಲ್ ಎರಡು ತುಂಡಾಗಿ, ಕೂದಲಿನಂಥ ಗಾಜಿನ ಎಳೆಗಳು ಹೊರಬಂದವು. ಎದುರಿನ ಕಟ್ಟಡದ ಇಂಟರ್ನೆಟ್ ಇದರಲ್ಲೇ ಹೋಗುತ್ತದೆಂದು ಮೇಸ್ತ್ರಿ ಬೆಳಿಗ್ಗೆ ಎಚ್ಚರಿಸಿದ್ದ. ಅವಳು ಅತ್ತ ನೋಡಿದಳು. ಯಾರೂ ಓಡಿ ಬರಲಿಲ್ಲ. ನೆಲಮಹಡಿಯ ಕಿಟಕಿಯಾಚೆ ಒಬ್ಬಾತ ಕಂಪ್ಯೂಟರಿನಲ್ಲಿ ಕಂಡ ಮುಖದೊಂದಿಗೆ ನಗುತ್ತ ಮಾತಾಡುತ್ತಲೇ ಇದ್ದ.

ಸ್ವಲ್ಪ ಹೊತ್ತಿಗೆ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವ ವಿಜಯಶ್ರೀ ಕೆಳಗಿಳಿದು ಬಂದಳು. ಬೀದರಿನ ಹುಡುಗಿ.

"ನಾನೇ ಕಡಿದೀನ್ರಿ," ಎಂದಳು ಗದಿಗೆಮ್ಮ. "ಖರೆ ಅವ್ರು ಇನ್ನಾ ಮಾತಾಡಾಕತ್ತಾರಲ್ರಿ?"

"ಇನ್ನೊಂದು ದಾರಿ ಐತವ್ವಾ. ಮಾತು ತುಂಡು ತುಂಡಾಗಿ ಹೋಗತೈತಿ. ಒಂದೊಂದು ತುಂಡಿನ ಮ್ಯಾಲೂ ವಿಳಾಸ ಇರತೈತಿ. ಈ ದಾರಿ ಕಡೀತಂದ್ರ ಆ ದಾರಿ ಹಿಡೀತಾವ."

"ನಡುವ ಒಂದು ತುಂಡು ಬಿದ್ದುಹೋದ್ರ?"

"ಮುಟ್ಟೇತಿ ಅಂತ ಆಚೀಂದ ಉತ್ತರ ಬರಲಿಲ್ಲಂದ್ರ, ಫೈಲಿನ ತುಂಡಾದ್ರ ಮತ್ತ ಕಳಸ್ತಾರ. ಮಾತಿನ ತುಂಡಾದ್ರ ಅದನ್ನ ಬಿಟ್ಟು ಮುಂದ ಹೋಗ್ತಾರ. ಕೆಲಸಾನೆಲ್ಲಾ ಒಂದರ ಮ್ಯಾಲೊಂದು ಪದರ ಮಾಡಿ ಹಂಚ್ಯಾರ; ಅದನ್ನ ನೋಡಾಕ ಒಂದು ಪದರ ಐತಿ. ವಿಳಾಸಕ್ಕ ಅದರ ಕೆಳಗಿನ ಪದರ. ಎಲ್ಲಾಕ್ಕಿಂತ ಕೆಳಗ ಈ ಗಾಜಿನ ಎಳೆ."

"ಕೆಳಗ ಕಡಿದದ್ದು ಮ್ಯಾಲಿನವರಿಗೆ ಗೊತ್ತಾಗಂಗಿಲ್ಲೇನ್ರಿ?"

"ಗೊತ್ತಾಗಬಾರದಂತಲೇ ಹಂಗ ಕಟ್ಟ್ಯಾರ."

ಗದಿಗೆಮ್ಮ ಬಗ್ಗಿ ಗಾಜಿನ ಎಳೆಗಳನ್ನು ನೋಡಿದಳು. ಒಂದೊಂದು ಮಾತೂ ತಿಳಿದಂತಿತ್ತು, ಎಲ್ಲ ಸೇರಿದರೆ ಏನೂ ತಿಳಿಯಲಿಲ್ಲ. ಮಾತನ್ನು ತುಂಡು ಮಾಡುವವರು ಯಾರು? ನಗುವನ್ನೂ ತುಂಡು ಮಾಡುತ್ತಾರೆಯೆ? ಎರಡನೆಯ ದಾರಿ ಎಲ್ಲಿದೆ? ಅದರ ಮೇಲೂ ಈಗ ತನ್ನಂಥವಳೊಬ್ಬಳು ಗುದ್ದಲಿ ಎತ್ತಿದ್ದರೆ?

ಕೊನೆಯದನ್ನು ಕೇಳಿಯೇಬಿಟ್ಟಳು. ವಿಜಯಶ್ರೀ ಎರಡನೆಯ ಕೇಬಲ್ ಹಾದುಹೋಗುವ ರಸ್ತೆಯ ಆಚೆ ಬದಿಯತ್ತ ತಿರುಗಿದಳು. "ಹಂಗಾದ್ರ ಎಲ್ಲಾ ನಿಲ್ಲತೈತಿ." ಅವಳು ಫೋನು ತೆಗೆದು, ಅಲ್ಲಿಯ ಅಗೆತವನ್ನೂ ನಿಲ್ಲಿಸಲು ಮೇಸ್ತ್ರಿಗೆ ತೆಲುಗಿನಲ್ಲಿ ಹೇಳಿದಳು.

ಸಂಜೆ ವ್ಯಾನಿನಲ್ಲಿ ಬಂದವರು ಎಳೆಗಳನ್ನು ಬೆಸೆದು ಹೋದರು. ಕೇಬಲ್ ಕಡಿದದ್ದಕ್ಕೆ ಮೇಸ್ತ್ರಿ ಗದಿಗೆಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ತನ್ನೂರ ಕಡೆಯ ಕೆಲಸದವಳಿಗೆ ಎಲ್ಲವನ್ನೂ ವಿವರಿಸಹೊರಟು, "ಮಾತಿಗೆ ಪದರ ಇರತಾವಂತ" ಎಂಬಲ್ಲಿ ತಡವರಿಸಿದಳು. ಆಕೆ, "ಏನು ಪದರ?" ಎಂದಳು. "ನನಗೂ ಬರೋಬ್ಬರಿ ಗೊತ್ತಾಗಿಲ್ಲವ್ವಾ," ಎಂದು ಗದಿಗೆಮ್ಮ ಕಿಟಕಿಯಾಚೆಗೆ, ಉದ್ದಕ್ಕೂ ಅಗೆದಿಟ್ಟ ರಸ್ತೆಯನ್ನು ನೋಡುತ್ತ ಕೂತಳು.